ಪಲ್ಲವಿಗೆ ಬಂದ ನಿಂಗವ್ವ

ನನ್ನ ಕಿಸೆಯಲ್ಲಿ ಸದಾ ಇರುವ ಈ ಲವಂಗದ ಡಬ್ಬಿ ಮೊದಲು ಗ್ರಾಮಫೋನಿನ ಸೂಜಿಗಳದ್ದು. ಮುಚ್ಚಳ ತೆಗೆದಾಗಲೆಲ್ಲ ಲವಂಗದ ಘಾಟಿನ ಜೊತೆ ನನ್ನ ಹಳೆಯ ಸಿಟ್ಟೂ ಒಂದಿಷ್ಟು ಹೊರಬರುತ್ತದೆ, ಮಿತ್ರರೇ, ಸಹಿಸಿಕೊಳ್ಳಿ.

ನಿಜಾಮರ ಕಾಲದ ಮಾತು. ಮಸ್ಕಿಯ ಭಜನಾ ಮೇಳಕ್ಕೆ ನಾನು ಪದ ಕಟ್ಟುತ್ತಿದ್ದೆ. ಕೊನೆಯ ನುಡಿಯಲ್ಲಿ ಕಟ್ಟಿದವನ ಅಂಕಿತ ಬರಬೇಕೆಂಬುದು ನಮ್ಮ ರೂಢಿ. ನನ್ನದು ‘ನಿಂಗವ್ವನ ಮಗ’. ಅಕ್ಷರ ಬಾರದ ನನ್ನವ್ವ ಬೀಸುವ ಕಲ್ಲಿನ ಮುಂದೆ ಕಲಿಸಿದ್ದೇ ನನ್ನ ಛಂದಸ್ಸು. ಆಕೆ ತೀರಿಕೊಂಡ ಮೇಲೆ ಆಕೆಯ ಹೆಸರು ಉಳಿದಿದ್ದುದು ಆ ಕೊನೆಯ ನುಡಿಯಲ್ಲಿ ಮಾತ್ರ.

ಒಂದು ದಿನ ಗ್ರಾಮಫೋನ್ ಪ್ಲೇಟಿನ ಕಂಪನಿಯ ಏಜೆಂಟನೊಬ್ಬ ಬಂದು, ನನ್ನ ಪದವೊಂದನ್ನು ಕೇಳಿ ತಲೆದೂಗಿ, ಖಾಲಿ ಸೂಜಿ ಡಬ್ಬಿಯೊಂದನ್ನು ಕಾಣಿಕೆಯೆಂದು ಕೈಗಿಟ್ಟು, ಉರ್ದುವಿನಲ್ಲಿ ಬರೆದ ಕರಾರುಪತ್ರವನ್ನು ಮುಂದೆ ಹಿಡಿದ. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು, ಸಿಂಧನೂರಿನ ಚಹಾದಂಗಡಿಯಲ್ಲಿ ನನ್ನ ದನಿ ಮೊಳಗುವುದನ್ನು ಮನಸ್ಸಿನಲ್ಲಿ ಆಗಲೇ ಕೇಳಿಸಿಕೊಂಡಿದ್ದೆ. ಆದರೂ ಓದಲು ಬಾರದ್ದಕ್ಕೆ ದಸ್ಕತ್ತು ಹಾಕಲಾರೆನೆಂದು ಎರಡು ದಿನದ ಗಡುವು ಕೇಳಿ, ಪತ್ರ ಹಿಡಿದುಕೊಂಡು ಲಿಂಗಸುಗೂರಿನ ಉರ್ದು ಶಾಲೆಯಲ್ಲಿದ್ದ ಗೆಳೆಯ ಕಾಸಿಂ ಮಾಸ್ತರರ ಬಳಿಗೆ ಹೋದೆ. ಅವರು ಸಾಲುಸಾಲಾಗಿ ಓದಿ ಕನ್ನಡಕ ತೆಗೆದರು.

“ಹಕ್ಕು ಹಮೇಶಾ ಅವರದ ಅಂತ ಬರದಾರ. ನಾಳಿ ನಿನ್ನ ಪದಾ ನೀ ಹಾಡಬೇಕಂದ್ರೂ ಅವರನ್ನ ಕೇಳಬೇಕು. ಮತ್ತ ಪ್ಲೇಟಿನ್ಯಾಗ ಮೂರ ಮಿನೀಟ ಹಿಡೀತದಂತ, ಕಡೀ ನುಡಿ ತಗದ ಹಾಕ್ತಾರಂತ.”

ಹಮೇಶಾ, ಅಂದರೆ ಎಂದೆಂದಿಗೂ! ನಾನು ಕಟ್ಟಿದ ಪದವನ್ನು ಈ ಒಂದೇ ಪದ ನುಂಗುವುದರಲ್ಲಿತ್ತು. ದಾರಿಯುದ್ದಕ್ಕೂ ಯೋಚಿಸಿದೆ. ಮಾತು ನನ್ನದೇ ಇರಬಹುದು, ಆದರೆ ಧಾಟಿ ಅವ್ವನದು, ಅವ್ವನಿಗೆ ಅದು ಬಂದದ್ದು ಯಾವ ಅಜ್ಜಿಯಿಂದಲೋ. ನೆರೆಮನೆಯಿಂದ ತಂದ ಹೆಪ್ಪನ್ನು ಯಾರಾದರೂ ಶಾಶ್ವತವಾಗಿ ಮಾರುತ್ತಾರೆಯೇ? ಇನ್ನು ಕೊನೆಯ ನುಡಿಯ ಮಾತು. ಕೊಯ್ಯುವವರಿಗೆ ಕೊನೆ ಸುಲಭ, ಮೊದಲು ಸುಲಭವಲ್ಲ. ಮಸ್ಕಿ ಮುಟ್ಟುವುದರೊಳಗೆ ಅವ್ವನ ಹೆಸರನ್ನು ಪ್ರತಿ ನುಡಿಗೂ ಮರಳಿ ಬರುವ ಪಲ್ಲವಿಯಲ್ಲೇ ಕೂಡಿಸಿಬಿಟ್ಟೆ: ‘ಬಾರೆ ನಿಂಗವ್ವ, ಬೆಳಕ ಬೀಸವ್ವ.’

ಏಜೆಂಟನಿಗೆ ಹಾಡಿ ತೋರಿಸಿ, “ಹಮೇಶಾ ಹೊಡದ ಹಾಕ್ರಿ, ಈ ಪ್ಲೇಟಿಗಷ್ಟ ಹಕ್ಕು ಬರೀರಿ. ನಮ್ಮವ್ವನ್ನ ಎಲ್ಲಿ ಕೊಯ್ತೀರಿ ನೋಡೂನು,” ಎಂದೆ.

“ನಿಮ್ಮವ್ವನ್ನ ಯಾರ ಕೇಳ್ತಾರ್ರೀ?” ಎಂದು ನಕ್ಕು, ಕಾಗದ ಮಡಚಿಕೊಂಡು ಹೊರಟೇ ಹೋದ. ಡಬ್ಬಿ ಉಳಿಯಿತು. ನಾನು ಛಲಕ್ಕೆ ಬಿದ್ದು ಆ ಪದವನ್ನು ಊರೂರಿನ ಭಜನೆಯಲ್ಲಿ ಹಾಡಿದೆ.

ಮರುವರ್ಷ ಸಂತೆಕಲ್ಲೂರಿನ ದಾರಿಯಲ್ಲಿ ಜೋಳದ ಹೊಲದಿಂದ ಅದೇ ಪಲ್ಲವಿ ಕೇಳಿಬಂತು. ಕಳೆ ಕೀಳುತ್ತಿದ್ದ ಹೆಂಗಸರ ಬಳಿ ಹೋಗಿ, “ಯಾರಬೇ ಈ ನಿಂಗವ್ವ?” ಎಂದೆ.

ಹಿರಿಯಳೊಬ್ಬಳು ತಲೆಯೆತ್ತದೆಯೇ ಹೇಳಿದಳು: “ಯಾರಿಗ್ಗೊತ್ತ ಯಪ್ಪಾ? ನಾವಂತೂ ದಿನಾ ಆಕಿನ್ನ ಕರಕೋತ ಕಳೆ ಕೀಳಾಕತ್ತೀವಿ.”

ನನಗೆ ಅಳು ಬಂತು, ಅತ್ತುಬಿಟ್ಟೆ. ಆವರೆಗೂ ಖಾಲಿಯಿದ್ದ ಡಬ್ಬಿಗೆ ಮರುದಿನವೇ ಲವಂಗ ತುಂಬಿಸಿದೆ. ಹಾಡುವವರು ಎಲ್ಲಿ ಸಿಕ್ಕರೂ ಒಂದೊಂದು ಕೊಡುತ್ತೇನೆ. ನನ್ನವ್ವ ಈಗ ವಾಸವಾಗಿರುವುದು ಆ ಗಂಟಲುಗಳಲ್ಲಿ.