ಬನ್ನಕ್ಕ ಸಣ್ಣಗಾದದ್ದು

ಬೇಕರಿಯಲ್ಲಿ ಅವಳನ್ನು ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಹರೆಯದಲ್ಲಿ ಪ್ಯಾಕಿಂಗ್ ಮೇಜಿನ ಮುಂದೆ ಬಂದು ನಿಂತವಳು ನಲವತ್ತು ದಾಟಿದರೂ ಅಲ್ಲೇ ನಿಂತಿದ್ದಳು. ಒಲೆ ನೋಡಿಕೊಳ್ಳುವ ಮುದುಕ ಯಾವತ್ತೋ ಒಮ್ಮೆ "ಬನ್ನಕ್ಕ" ಅಂದಿದ್ದ. ಉಬ್ಬಿದ ಕೆನ್ನೆ, ಮೆತ್ತನೆಯ ಕೈ, ಮೈಗೆ ಹತ್ತಿದ ಹುದುಗಿನ ವಾಸನೆ, ಎಲ್ಲಕ್ಕೂ ಆ ಹೆಸರು ಒಪ್ಪಿ ಹಾಗೇ ಉಳಿದುಬಿಟ್ಟಿತು. ಅವಳಿಗೂ ಅದರಿಂದ ಬೇಸರವಿದ್ದಂತೆ ಕಾಣುತ್ತಿರಲಿಲ್ಲ. ಕರೆದರೆ ಓಗೊಡುತ್ತಿದ್ದಳು, ಜೊತೆಗೆ ತಾನೂ ನಗುತ್ತಿದ್ದಳು.

ಮುರಿದ ಬಿಸ್ಕೆಟ್ಟು, ಕೇಕಿನ ಕತ್ತರಿಸಿದ ಅಂಚು, ಆಕಾರ ಕೆಟ್ಟ ಬನ್ನು ಕೆಲಸದವರ ಪಾಲು. ಬನ್ನಕ್ಕನ ಕೈ ಪೊಟ್ಟಣ ಕಟ್ಟುತ್ತಿದ್ದರೆ ಬಾಯಿ ತನ್ನ ಕೆಲಸ ತಾನು ಮಾಡುತ್ತಿತ್ತು. ಹಸಿವಿಗೆ ತಿಂದದ್ದು ಕಡಿಮೆ. ಅಕ್ಕ ಸತ್ತ ವರ್ಷದಿಂದ ಮಿತಿಮೀರಿದ ಅಭ್ಯಾಸ ಅದು.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಇಬ್ಬರನ್ನೂ ಒಟ್ಟಿಗೆ ನೋಡಿದವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂದರೆ ನಂಬುತ್ತಿರಲಿಲ್ಲ. ಅವಳು ಕಡ್ಡಿ, ಇವಳು ಗುಡಾಣ. ಇವಳು ಸೋದರತ್ತೆಯ ಮನೆಗೆ ಹೋಗಿದ್ದ ವಾರ ಅಕ್ಕನಿಗೆ ಹೊಟ್ಟೆನೋವು ಬಂತಂತೆ, ಕೆಲಸದ ಜಾಗದಲ್ಲೇ ಕುಸಿದಳಂತೆ, ಸಂಜೆಯೊಳಗೆ ಎಲ್ಲ ಮುಗಿಯಿತಂತೆ. ಅಷ್ಟೇ ಇವಳಿಗೆ ಗೊತ್ತಿದ್ದದ್ದು. ಅಮ್ಮ ಅಕ್ಕನ ಬಟ್ಟೆಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು, ಬಾಯಿಗೂ ಬೀಗ ಹಾಕಿಕೊಂಡಳು. ಅಪ್ಪ ಮೊದಲೇ ಇರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತಾಯಿ ಮಗಳು ಇಷ್ಟು ವರ್ಷ ಅಕ್ಕನ ಮಾತೆತ್ತದೆ ಕಳೆದರು.

ಮಂಡಿ ಕೈಕೊಟ್ಟಾಗ ಬನ್ನಕ್ಕ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ತೂಕದ ಯಂತ್ರದ ಮುಳ್ಳನ್ನು ನೋಡಿ, ರಕ್ತಪರೀಕ್ಷೆಯನ್ನೂ ನೋಡಿ, ಸುತ್ತಿ ಬಳಸದೆ ಹೇಳಿದರು: ಈಗಿರುವ ತೂಕದಲ್ಲಿ ಅರ್ಧದಷ್ಟನ್ನಾದರೂ ಇಳಿಸಬೇಕು, ಇಲ್ಲದಿದ್ದರೆ ಕಾಲೂ ಹೋಗುತ್ತದೆ, ಕಣ್ಣೂ ಹೋಗುತ್ತದೆ.

ಬೇಕರಿಯಲ್ಲಿ ನಿಂತು ಪಥ್ಯ ಮಾಡುವುದೆಂದರೆ ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗೆ. ಮೊದಲ ತಿಂಗಳು ಒಲೆಯಿಂದ ಟ್ರೇ ಹೊರಬಂದಾಗಲೆಲ್ಲ ಬನ್ನಕ್ಕ ಹಿತ್ತಲಿಗೆ ಹೋಗಿ ನಲ್ಲಿಯ ನೀರು ಕುಡಿದು ಬರುತ್ತಿದ್ದಳು. ಬೇಯಿಸಿದ ತರಕಾರಿ, ಮೊಟ್ಟೆ, ಹಿಡಿ ಅನ್ನ ತುಂಬಿದ ಡಬ್ಬಿ ನೋಡಿ ಒಲೆಯ ಮುದುಕ, "ಇದನ್ನ ಮೊಲಕ್ಕೆ ಹಾಕಿದ್ರೂ ಮುನಿಸಿಕೊಳ್ಳುತ್ತೆ ಬನ್ನಕ್ಕ" ಅಂದ. ಅವಳು ನಗುತ್ತಲೇ ತಿಂದು ಮುಗಿಸಿದಳು.

ಬೆಳಗ್ಗೆ ಶಾಲೆಯ ಮೈದಾನಕ್ಕೆ ಹೋಗತೊಡಗಿದಳು. ಅಲ್ಲಿಗೆ ನಿವೃತ್ತ ಡ್ರಿಲ್ ಮೇಷ್ಟ್ರು ಗಾಳಿ ಸೇವನೆಗೆ ಬರುತ್ತಿದ್ದರು. ಅರ್ಧ ಸುತ್ತಿಗೇ ಏದುಸಿರು ಬಿಡುತ್ತಾ ಗೋಡೆಗೊರಗಿದ ಇವಳನ್ನು ಕಂಡು ಹತ್ತಿರ ಬಂದರು.

"ಓಡಬೇಡಮ್ಮ, ನಡಿ. ನಿನ್ನ ಮೈಗೆ ಗೊತ್ತಾಗದ ಹಾಗೆ ಮೆಲ್ಲಗೆ ನಡಿ. ಗೊತ್ತಾದ್ರೆ ಹಟ ಮಾಡುತ್ತೆ."

ಆ ಮಾತು ಅವಳಿಗೆ ಹಿಡಿಸಿತು. ಮೈಗೆ ತಿಳಿಯದ ಹಾಗೆ ನಡೆದಳು. ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ನಡಿಗೆ ಬಿರುಸಾಯಿತು, ಆಮೇಲೆ ಓಟವಾಯಿತು. ಬಟ್ಟೆಗಳು ಜೋಲತೊಡಗಿದವು, ಹಿಡಿದು ಹೊಲಿದಳು, ಮತ್ತೆ ಹಿಡಿದು ಹೊಲಿದಳು. ಬೇಕರಿಯ ಹಿಟ್ಟಿನ ತಕ್ಕಡಿಯ ಮೇಲೆ ನಿಂತಾಗ ಯಜಮಾನರೂ ಮೂಗಿನ ಮೇಲೆ ಬೆರಳಿಟ್ಟರು. ಅವಳ ಜೀವನದಲ್ಲಿ ಅಷ್ಟು ಹೆಮ್ಮೆಯ ದಿನಗಳು ಹಿಂದೆಂದೂ ಇರಲಿಲ್ಲ.

ಎರಡನೆಯ ವರ್ಷದ ನಡುವಿಗೆ ಕೊಬ್ಬು ಮುಖದಿಂದ ಇಳಿಯತೊಡಗಿತು. ಕೆನ್ನೆಯ ಎಲುಬು ಮೇಲೆದ್ದಿತು, ಮೂಗು ನೀಳವಾಯಿತು. ಒಂದು ಬೆಳಗ್ಗೆ ಹಲ್ಲುಜ್ಜುವಾಗ ಗಲ್ಲದ ಮೇಲೊಂದು ಗುಳಿ ಕಂಡಿತು. ಬೆರಳಿಟ್ಟು ನೋಡಿದಳು. ಅವಳ ಗಲ್ಲದಲ್ಲಿ ಯಾವತ್ತೂ ಗುಳಿ ಇರಲಿಲ್ಲ. ಇದ್ದದ್ದು ಅಕ್ಕನಿಗೆ.

ಅದೇ ವಾರ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತ ವಯಸ್ಸಾದ ಹೆಂಗಸೊಬ್ಬಳು ಚೀಲ ಸರಿಮಾಡಿಕೊಳ್ಳುತ್ತಾ, ಬಹಳ ಸಲಿಗೆಯಿಂದ, "ಇವತ್ತೂ ಬೆಳಗಿನ ಪಾಳಿನಾ?" ಎಂದು ಕೇಳಿದಳು. ಬನ್ನಕ್ಕ ತಿರುಗಿ ನೋಡಿದಳು. ಹೆಂಗಸಿನ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದು ಏನೋ ಹೇಳಹೊರಟವಳು, ಎದ್ದು, ಕಂಬ ಹಿಡಿದುಕೊಂಡು ಮುಂದೆ ಹೋಗಿ, ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು. ಬಸ್ಸು ಹೊರಟಾಗಲೂ ಫುಟ್‌ಪಾತಿನ ಮೇಲೆ ನಿಂತು ಇವಳ ಕಿಟಕಿಯನ್ನೇ ನೋಡುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಅಕ್ಕನ ಪಕ್ಕ ಕೂರುತ್ತಿದ್ದವಳು ಇರಬೇಕು ಎಂದು ಹೊಳೆದಾಗ ಬನ್ನಕ್ಕ ಗಲ್ಲದ ಗುಳಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ಅಮ್ಮ ಅವಳ ಮುಖ ನೋಡುವುದನ್ನು ಬಿಟ್ಟದ್ದು ಯಾವಾಗ ಎಂದು ಆಗ ಯೋಚಿಸಿದಳು. ತಿಂಗಳುಗಳೇ ಆಗಿದ್ದವು. ಮಾತಾಡಿದರೆ ಅವಳ ಭುಜಕ್ಕೆ ಹೇಳುತ್ತಿದ್ದಳು. ಬೇಯಿಸಿದ ತರಕಾರಿಗೆ ಕದ್ದು ಬೆಣ್ಣೆ ಬೆರೆಸುತ್ತಿದ್ದಳು. ಕೋಣೆಯ ಕನ್ನಡಿ ಒಂದು ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು. ಬೇಕರಿಯಿಂದ ಬಂದು ಬಾಗಿಲು ತಳ್ಳಿದರೆ ಅಮ್ಮ ಅಡಿಗೆಮನೆಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿರುತ್ತಿದ್ದಳು, ಯಾರೋ ತನ್ನನ್ನು ಎಳೆದೊಯ್ಯಲು ಬಂದ ಹಾಗೆ. ಮಗಳಿಗೆ ಮೊದಲು ಸಿಟ್ಟು ಬಂತು. ಇಷ್ಟು ಕಷ್ಟಪಟ್ಟದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲವೇ ಎಂದು ಒಂದೆರಡು ಸಲ ಹಂಗಿಸಿಯೂ ಬಿಟ್ಟಳು. ಒಂದು ಸಂಜೆ ಅಮ್ಮ ತಟ್ಟೆ ಇಡುತ್ತಾ, ನೆಲ ನೋಡಿಕೊಂಡೇ ಕೇಳಿದಳು:

"ನೀನು ಎಷ್ಟು ದಿನ ಇರ್ತೀಯ?"

ಬನ್ನಕ್ಕ ತುತ್ತು ಕೈಯಲ್ಲೇ ಹಿಡಿದು ಕೂತಳು. ಎಲ್ಲಿಗೆ ಹೋಗ್ತೀನಿ ಅಮ್ಮ ಎಂದು ಕೇಳಬೇಕೆನಿಸಿತು. ಕೇಳದೆ ತುತ್ತು ಬಾಯಿಗಿಟ್ಟಳು.

ಮತ್ತೆ ಚಳಿ ಬಂದಾಗ ಅವಳ ಹಳೆಯ ಸ್ವೆಟರುಗಳಲ್ಲಿ ಇಬ್ಬರು ಹಿಡಿಸುವಷ್ಟು ಜಾಗವಿತ್ತು. ಅಮ್ಮ ಸ್ನಾನಕ್ಕೆ ಹೋದಾಗ ಟ್ರಂಕಿನ ಬೀಗ ತೆಗೆದಳು. ಅಕ್ಕನ ಹಸಿರು ಸ್ವೆಟರ್ ಮೇಲೇ ಇತ್ತು. ಹಾಕಿಕೊಂಡರೆ ಅಳತೆ ಕೊಟ್ಟು ಹೆಣೆಸಿದ ಹಾಗೆ ಕೂತಿತು. ಅಕ್ಕ ಮೇಜಿಗೆ ಊರಿ ಊರಿ ಸವೆದಿದ್ದ ಮೊಣಕೈಯ ಜಾಗಕ್ಕೇ ಇವಳ ಮೊಣಕೈ ಬಂದು ಸೇರಿತು. ತೆಗೆದುಬಿಡಬೇಕು ಅನ್ನಿಸಿತು. ಆದರೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಮೈಯಿಂದ ಬಿಚ್ಚಿ ಕೊಟ್ಟ ಹಾಗೆ. ಅದನ್ನೇ ತೊಟ್ಟು ಮೈದಾನಕ್ಕೆ ಹೋದಳು.

ಅರ್ಧ ಸುತ್ತಿನಲ್ಲಿ ನೋವು ಬಂತು. ಬಲಗಡೆ ಪಕ್ಕೆಯ ಕೆಳಗೆ ಹುಟ್ಟಿ ಬೆನ್ನಿಗೆ ಸುತ್ತಿಕೊಂಡಿತು. ಹೇಗೋ ಮೆಟ್ಟಿಲು ಹತ್ತಿ ಕಿಟಕಿಯ ಪಕ್ಕದ ಮಂಚದ ಮೇಲೆ ಮುದುಡಿ ಬಿದ್ದಳು. ಅಡಿಗೆಮನೆಯಲ್ಲಿ ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಳು.

"ಅಮ್ಮ, ಹೊಟ್ಟೆ ನೋಯ್ತಿದೆ. ಇವತ್ತು ಕೆಲಸಕ್ಕೆ ಹೋಗಲ್ಲ."

ಪಾತ್ರೆಯ ಮುಚ್ಚಳ ನೆಲಕ್ಕೆ ಬಿದ್ದು ಬಹಳ ಹೊತ್ತು ಗಿರಕಿ ಹೊಡೆಯಿತು. ಅಮ್ಮ ಬಂದು ಮಂಚದ ಎದುರು ನಿಂತಳು. ಹಸಿರು ಸ್ವೆಟರನ್ನು ನೋಡಿದಳು. ಆಮೇಲೆ, ಎಷ್ಟೋ ತಿಂಗಳ ನಂತರ ಮೊದಲ ಸಲ, ಮುಖ ನೋಡಿದಳು.

"ಹೋಗಬೇಡ," ಅಂದಳು. "ಹೋಗಬೇಡ ಮಗಳೇ. ಯಾರು ಹೋಗು ಅಂದೋರು?"

ಎರಡು ವರ್ಷದಿಂದ ಮೆಟ್ಟಿಲಿಳಿಯದಿದ್ದ ಮುದುಕಿ ಬರಿಗಾಲಲ್ಲಿ ಕೆಳಗೋಡಿದಳು. ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತು ಹಾಲಿನ ವ್ಯಾನನ್ನು ತಡೆದಳು. ಸೈಕಲ್ ಅಂಗಡಿಯವನು ಆಮೇಲೆ ಹೇಳಿದ ಪ್ರಕಾರ, ವ್ಯಾನಿನ ಡ್ರೈವರ್ ಏನಾಯಿತೆಂದು ಕೇಳುವ ಮೊದಲೇ ಅವಳು ಅವನ ತೋಳು ಹಿಡಿದು, "ನನ್ನ ಮಗಳು ನಾಟಕ ಆಡ್ತಿಲ್ಲಪ್ಪ, ನಿಜವಾಗ್ಲೂ ನೋವಿದೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳಂತೆ.

ಪಿತ್ತಕೋಶದಲ್ಲಿ ಕಲ್ಲು. ತೂಕ ಬೇಗ ಬೇಗ ಇಳಿದವರಲ್ಲಿ ಕೆಲವರಿಗೆ ಹೀಗಾಗುವುದುಂಟು, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಆಸ್ಪತ್ರೆಯವರು. ಆಪರೇಷನ್ ಸಲೀಸಾಗಿ ಮುಗಿಯಿತು. ಮಂಪರು ಹರಿದಾಗ ನರ್ಸ್ ಹತ್ತಿರ ಬಂದು ಅಕ್ಕನ ಹೆಸರು ಹಿಡಿದು ಕರೆದಳು. ಬನ್ನಕ್ಕ "ಹೂಂ" ಅಂದಳು. ಅಂದ ಮೇಲೆ ತಾನೇ ಬೆಚ್ಚಿದಳು. ಹೆಸರು, ವಯಸ್ಸು ಬರೆಸಿದ್ದು ಅಮ್ಮ. ಅಕ್ಕ ಸತ್ತಾಗಿನ ವಯಸ್ಸು, ಇಪ್ಪತ್ತಾರು ಎಂದು ಬರೆಸಿದ್ದಳು. ಹಣ್ಣುಗೂದಲು ಇಣುಕುವ ಹೆಂಗಸಿಗೆ ಇಪ್ಪತ್ತಾರು ಎಂದರೆ ಯಾರಿಗೂ ಅನುಮಾನ ಬರಲಿಲ್ಲವೇ ಎಂಬುದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಸಂಜೆ ಅಮ್ಮ ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

"ಅವತ್ತು ನಾಟಕ ಆಡಬೇಡ, ರಜಾ ಹಾಕಿದ್ರೆ ಕೆಲಸ ಹೋಗುತ್ತೆ ಅಂತ ಎಬ್ಬಿಸಿ ಕಳಿಸಿದೆ ಕಣೇ. ನಿನಗೆ ಸ್ವೆಟರ್ ಹಾಕ್ಕೊಳ್ಳೋಕೂ ಆಗ್ತಿರಲಿಲ್ಲ. ನಾನೇ ತೋಳು ತೂರಿಸಿ ಕಳಿಸಿದೆ. ನನಗೆ ಗೊತ್ತಾಗಲಿಲ್ಲ."

ಇಷ್ಟು ವರ್ಷ ಅಮ್ಮ ಒಬ್ಬಳೇ ಹೊತ್ತದ್ದು ಏನೆಂದು ಬನ್ನಕ್ಕನಿಗೆ ಆಗ ಅರ್ಥವಾಯಿತು. ಇದಕ್ಕೆ ಉತ್ತರ ಕೊಡುವ ಹಕ್ಕು ತನ್ನದಲ್ಲ ಎಂದೂ ಗೊತ್ತಿತ್ತು. ಆದರೆ ಅಮ್ಮ ಕಾಯುತ್ತಿದ್ದಳು.

"ಹೋಗಲಿ ಬಿಡಮ್ಮ. ಈ ಸಲ ಕರ್ಕೊಂಡು ಬಂದ್ಯಲ್ಲ."

ಹೊರಬಂದ ಧ್ವನಿ ಅವಳದ್ದಾಗಿರಲಿಲ್ಲ. ತಗ್ಗಿದ, ನುಣುಪಾದ, ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುವ ಧ್ವನಿ. ದಿನವಿಡೀ ತಂತಿಯ ಮೇಲೆ ಅಪರಿಚಿತರೊಂದಿಗೆ ಮಾತಾಡುವವರು ರೂಢಿಸಿಕೊಂಡಂಥದ್ದು. ಅಮ್ಮ ಕಣ್ಣು ಮುಚ್ಚಿ, ಅವಳ ಕೈಯನ್ನು ಹಣೆಗೊತ್ತಿಕೊಂಡು ಅತ್ತಳು.

ಮನೆಗೆ ಬಂದ ಮೇಲೆ ಅಮ್ಮ ಬೇರೆಯೇ ಆಗಿದ್ದಳು. ಕನ್ನಡಿ ತಿರುಗಿಸಿಟ್ಟಳು. ಮಗಳ ತಲೆ ಬಾಚಿದಳು. ಬನ್ನಕ್ಕ ಸುಮ್ಮನೆ ಬಾಚಿಸಿಕೊಂಡಳು. ನಾಲ್ಕು ದಿನ ಮುದುಕಿಗೆ ನೆಮ್ಮದಿಯಾಗಲಿ, ಆಮೇಲೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡಳು. ಆದರೆ ಕತ್ತಲಾಗುವ ಹೊತ್ತಿಗೆ ಅಮ್ಮ ಮೂರು ತಟ್ಟೆ ಇಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು.

"ಇವಳು ಯಾಕೆ ಇನ್ನೂ ಬಂದಿಲ್ಲ?"

"ಯಾರಮ್ಮ?"

"ನಿನ್ನ ತಂಗಿ. ಬೇಕರಿ ಮುಚ್ಚೋ ಹೊತ್ತಾಯ್ತಲ್ಲ."

ಬನ್ನಕ್ಕ ಹತ್ತಿರ ಹೋಗಿ ಅಮ್ಮನ ಭುಜ ಹಿಡಿದಳು. ನಾನೇ ಅಮ್ಮ ಅವಳು, ನೋಡು, ಸಣ್ಣಗಾಗಿದ್ದೀನಿ ಅಷ್ಟೇ, ಎಂದಳು. ಅಮ್ಮ ಮುಖ ಗಂಟಿಕ್ಕಿದಳು.

"ದಪ್ಪ ಅಂತ ಅವಳನ್ನ ಆಡಿಕೊಳ್ಳಬೇಡ. ನಕ್ಕು ಸುಮ್ಮನಾಗ್ತಾಳೆ, ಒಳಗೆ ನೋಯುತ್ತೆ ಅವಳಿಗೆ."

ಅಮ್ಮನಿಗೆ ಅದು ಗೊತ್ತಿತ್ತು ಎಂದು ಬನ್ನಕ್ಕನಿಗೆ ಗೊತ್ತಿರಲಿಲ್ಲ. ಅಮ್ಮನ ಪಕ್ಕದಲ್ಲೇ ನಿಂತು ಖಾಲಿ ರಸ್ತೆಯನ್ನು ನೋಡಿದಳು. ತನಗಾಗಿ ತಾನೇ ಕಾದಳು.

ದಿನಗಳು ಹೀಗೇ ಸಾಗಿದವು. ಅಮ್ಮ ಊಟ ಬಿಟ್ಟಳು. ಆ ಮಗು ಎಲ್ಲಿ ಹೋಯಿತೋ, ಯಾರ ಕಣ್ಣಿಗೆ ಬಿತ್ತೋ ಎಂದು ಕೊರಗಿದಳು. ಗಾಯ ಮಾಗಿ ಕೆಲಸಕ್ಕೆ ಮರಳಿದ ಮೇಲೆ ಒಮ್ಮೆ ಬೇಕರಿಯಲ್ಲಿ ಬನ್ನಕ್ಕ ಕೇಕಿನ ಅಂಚೊಂದನ್ನು ಬಾಯಿಯವರೆಗೆ ತಂದಳು. ಮತ್ತೆ ತಿಂದು ಉಬ್ಬಿದರೆ ತಂಗಿ ಮನೆಗೆ ಬಂದಾಳು. ಆದರೆ ಅಕ್ಕ ಎರಡನೆಯ ಸಲ ಸಾಯಬೇಕಾಗುತ್ತದೆ. ಅಂಚನ್ನು ಟ್ರೇಯಲ್ಲಿಟ್ಟು ಕೈ ತೊಳೆದಳು.

ಅಂದಿನಿಂದ ಅವಳೊಂದು ಉಪಾಯ ಮಾಡಿದಳು. ಸಂಜೆ ಮೆಟ್ಟಿಲು ಹತ್ತುವಾಗ ಹಿಂದಿನಂತೆ ಹೆಜ್ಜೆ ಊರಿ ಊರಿ ಇಡುವಳು. ತಿರುವಿನಲ್ಲಿ ನಿಂತು ಏದುಸಿರು ಬಿಡುವಳು. ಬಾಗಿಲಾಚೆಯಿಂದಲೇ "ಬಂದೆ ಅಮ್ಮ" ಎಂದು ಕೂಗಿ, ಬ್ರೆಡ್ಡಿನ ಚೀಲ ಒಳಗಿಟ್ಟು, ನೇರ ಬಚ್ಚಲಿಗೆ ಹೋಗುವಳು. ಮುಖ ತೊಳೆದು ಹೊರಬರುವಾಗ ಅಕ್ಕನಾಗಿ ಬರುವಳು. "ಬಂದ್ಳು ಪಾಪ, ದಣಿದಿದಾಳೆ, ಮಲಗಲಿ," ಎನ್ನುತ್ತಾ ಅಮ್ಮ ಮೂರನೆಯ ತಟ್ಟೆಯನ್ನು ಮುಚ್ಚಿಟ್ಟು ತಾನು ಉಣ್ಣುತ್ತಿದ್ದಳು. ಆಪರೇಷನ್ ಆದವಳಿಗೆ ಈ ನಾಟಕ ಸುಲಭದ್ದಲ್ಲ. ಆದರೂ ಅಮ್ಮ ಉಣ್ಣುತ್ತಿದ್ದಳಲ್ಲ.

ಬೇಕರಿಗೆ ರಜೆಯಿದ್ದ ಒಂದು ದಿನ, ಹೊತ್ತು ಮುಳುಗುವಾಗ, ತಾಯಿ ಮಗಳು ನೆಲದ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದರು. ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಭಾರವಾದ ಹೆಜ್ಜೆ, ಒಂದೊಂದಾಗಿ. ಸೈಕಲ್ ಅಂಗಡಿಯವನಿರಬೇಕು ಎಂದುಕೊಂಡಳು ಬನ್ನಕ್ಕ. ಹೆಜ್ಜೆ ತಿರುವಿನಲ್ಲಿ ನಿಂತಿತು. ಏದುಸಿರು ಕೇಳಿಸಿತು. ಇಪ್ಪತ್ತು ವರ್ಷ ಅವಳ ಎದೆಯಲ್ಲೇ ಇದ್ದ ಉಸಿರು, ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ. ಮತ್ತೆ ಹೆಜ್ಜೆಗಳು ಮೇಲೇರಿ ಬಾಗಿಲವರೆಗೆ ಬಂದವು.

ಅಮ್ಮ ತಲೆಯೆತ್ತಿದಳು. "ತೆಗಿ ಹೋಗು. ಕೈತುಂಬ ಚೀಲ ಇರುತ್ತೆ ಅವಳಿಗೆ."

ಬನ್ನಕ್ಕ ಎದ್ದಳು. ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ತೆಗೆದಳು. ಮಂಕು ಬಲ್ಬಿನ ಕೆಳಗೆ ಮೆಟ್ಟಿಲು ಖಾಲಿಯಿತ್ತು. ಆದರೆ ಒಲೆಯಿಂದ ಈಗ ತಾನೇ ತೆಗೆದ ಬನ್ನಿನ ವಾಸನೆ ಬೆಚ್ಚಗೆ ಮುಖಕ್ಕೆ ಬಡಿಯಿತು. ಅವಳು ಯೋಚಿಸದೆಯೇ ಭುಜ ತಿರುಗಿಸಿ ಗೋಡೆಗೆ ಒತ್ತಿ ನಿಂತಳು, ಕಿರಿದಾದ ಬಾಗಿಲಲ್ಲಿ ದೊಡ್ಡ ಮೈಯವರು ಬಂದರೆ ನಾವು ಸರಿದು ದಾರಿ ಬಿಡುತ್ತೇವಲ್ಲ, ಹಾಗೆ. ಏನೋ ಮೆತ್ತಗೆ ಅವಳನ್ನು ಸವರಿಕೊಂಡು ಒಳಗೆ ಹೋಯಿತು. ಬೆನ್ನ ಹಿಂದೆ ಮಂಚ ಕಿರ್ರೆಂದಿತು.

"ಇಷ್ಟು ಹೊತ್ತೇನೇ?" ಅಮ್ಮ ಅತ್ತ ತಿರುಗಿ ಕೇಳುತ್ತಿದ್ದಳು. "ಕೂತ್ಕೋ, ಕೂತ್ಕೋ, ಮೊದಲು ಉಸಿರಾಡು."

ಬನ್ನಕ್ಕ ಬಾಗಿಲು ಹಾಕಿದಳು. ಮಂಚದ ಕಡೆ ನೋಡದೆ ಅಡಿಗೆಮನೆಗೆ ಹೋಗಿ ಮೂರು ತಟ್ಟೆಗೂ ಅನ್ನ ಬಡಿಸಿದಳು.

ಆಮೇಲೆ ಅವಳು ಹೆಜ್ಜೆ ಊರಿ ಮೆಟ್ಟಿಲು ಹತ್ತುವ ಅಗತ್ಯ ಬರಲಿಲ್ಲ. ಅಮ್ಮ ಇನ್ನೂ ಎರಡು ಚಳಿಗಾಲ ಇಬ್ಬರು ಹೆಣ್ಣುಮಕ್ಕಳ ನಡುವೆ ಸುಖವಾಗಿ ಬದುಕಿ, ನಿದ್ದೆಯಲ್ಲೇ ತೀರಿಕೊಂಡಳು. ಬನ್ನಕ್ಕ ಈಗಲೂ ಬೇಕರಿಗೆ ಹೋಗುತ್ತಾಳೆ, ಬೆಳಗ್ಗೆ ಮೈದಾನದಲ್ಲಿ ಓಡುತ್ತಾಳೆ. ಹೇಗೆ ಸಣ್ಣಗಾದೆ ಎಂದು ಕೇಳಿದವರಿಗೆ ತರಕಾರಿ, ಮೊಟ್ಟೆ, ನಡಿಗೆಯ ಬಗ್ಗೆ ಹೇಳುತ್ತಾಳೆ. ಅಮ್ಮ ಹೋದ ಮೇಲೆ ಮೆಟ್ಟಿಲಲ್ಲಿ ಆ ಸದ್ದು ಕೇಳಿಲ್ಲ. ಕೆಲವು ಸಂಜೆ ಅವಳು ದೀಪ ಹಾಕದೆ ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಕೆಳಗೆ ಯಾರಾದರೂ ದಪ್ಪಗಿರುವ ಹೆಂಗಸು ಚೀಲ ಹಿಡಿದು ನಿಧಾನಕ್ಕೆ ಬರುವುದು ಕಂಡರೆ, ಅವಳು ರಸ್ತೆಯ ತಿರುವು ದಾಟುವವರೆಗೂ ನೋಡುತ್ತಾಳೆ.