ದೊಡ್ಡ ಅಳತೆಯ ಕೌಂಟರಿನವನು

ಸರಕಿನ ಲೆಕ್ಕದಲ್ಲಿ ನೋಡಿದರೆ ಅವನೀಗ ಅರ್ಧಕ್ಕರ್ಧ ಇಳಿದ ಮಾಲು. ಮೈಚರ್ಮದ ಹೊದಿಕೆ ಮಾತ್ರ ಹಳೆಯದೇ, ಜೋಲುಬಿದ್ದಿದೆ. ನಮ್ಮ ಬಟ್ಟೆ ಅಂಗಡಿಯಲ್ಲಿ ದಪ್ಪನೆಯ ಗಿರಾಕಿಗಳ ಕೌಂಟರು ಅವನದಾಗಿತ್ತು. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿದ ಡಾಕ್ಟರು ಮಾತಿಗೆ ತಪ್ಪಲಿಲ್ಲ, ಇಳಿಸಿಯೇ ಕೊಟ್ಟರು. ಆದರೆ ಒಂದು ತುತ್ತು ಹೆಚ್ಚಾದರೂ ಅವನಿಗೆ ವಾಂತಿ. ನೋಡಿ ಆಸೆಪಟ್ಟಾನೆಂದು ಹೆಂಡತಿ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಾಳೆ. ಇಬ್ಬರೂ ಕೂತು ಹರಟುತ್ತಿದ್ದ ಊಟ ಹೋಯಿತು. ಅಂಗಡಿಯೊಂದಾದರೂ ಉಳಿಯಲಿ ಎಂದುಕೊಂಡಿದ್ದ.

ಹೋದ ತಿಂಗಳು ಒಬ್ಬ ಭಾರಿ ಆಳು ಬಂದವನು, ಟೇಪು ಹಿಡಿದ ಅವನನ್ನು ಕಂಡು ಹಿಂದೆ ಸರಿದ.

“ಇಲ್ಲೊಬ್ರು ದಪ್ಪ ಅಣ್ಣ ಇದ್ರಲ್ಲ, ಅವರನ್ನ ಕರೀರಿ. ನಿಮ್ಮಂಥ ಕಡ್ಡಿ ಮುಂದೆ ಹೊಟ್ಟೆ ಅಳತೆ ಕೊಡೋಕೆ ನಾಚಿಕೆಯಾಗುತ್ತೆ.”

“ಆ ಅಣ್ಣ ನಾನೇ ಸಾರ್.”

“ಅಯ್ಯೋ, ತಮಾಷೆ ಸಾಕು ಬಿಡಿ,” ಎಂದು ಆತ ಹೊರಟೇಹೋದ.

ಆ ತಿಂಗಳಲ್ಲಿ ಹೀಗೆ ಹೋದವನು ಆ ಗಿರಾಕಿಯೊಬ್ಬನೇ ಅಲ್ಲ. ಅಂದು ಸಂಜೆ ನಮ್ಮವನು ಟೇಪನ್ನು ನನ್ನ ಮೇಜಿನ ಮೇಲಿಟ್ಟ.

“ಯಜಮಾನ್ರೇ, ನನ್ನನ್ನ ಗೋಡೌನಿಗೆ ಹಾಕ್ಬಿಡಿ. ಅಲ್ಲಿ ಯಾರೂ ನನ್ನನ್ನ ಹುಡುಕ್ಕೊಂಡು ಬರಲ್ಲ.”

ಈಗ ಅವನು ಅಲ್ಲೇ, ಪೆಟ್ಟಿಗೆಗಳ ನಡುವೆ, ಒಬ್ಬನೇ ಕೂತಿರುತ್ತಾನೆ. ದಪ್ಪಗಿರುವವರನ್ನು ನಾಚಿಸದೆ ಅಳತೆ ತೆಗೆಯುವುದನ್ನು ನಾನು ಕಲಿತದ್ದು ಅವನಿಂದ.