ದಾದಿ ಕೊಟ್ಟ ಫೋಟೊಗಳು

ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಅರ್ಜಿ ಹಾಕುವಾಗ ನಮ್ಮ ಕಾಲೇಜಿನ ಮೇಡಂ ಮುಲಾಜಿಲ್ಲದೆ ಹೇಳಿದರು: “ನಿನ್ ಮಾರ್ಕ್ಸ್ ನೋಡಿ ಯಾರೂ ಸೀಟ್ ಕೊಡಲ್ಲ ಕಣೇ. ಅರ್ಜಿ ಜೊತೆ ಬರೆಯೋ ಪ್ರಬಂಧದಲ್ಲಿ ಯಾರದಾದ್ರೂ ನಿಜವಾದ ಕಥೆ ಹಾಕು, ತೂಕ ಬರುತ್ತೆ.”

ಅಂಥ ಕಥೆ ಆರ್.ಟಿ. ನಗರದ ನಮ್ಮ ಪಕ್ಕದ ಮನೆಯಲ್ಲೇ ಇತ್ತು. ಅಲ್ಲಿನ ಅಜ್ಜಿಯನ್ನು ಅವರ ಮೊಮ್ಮಕ್ಕಳಂತೆ ನಾನೂ ದಾದಿ ಎಂದೇ ಕರೆಯುತ್ತಿದ್ದೆ. ಅವರ ತಂಗಿ ಮದುವೆಯಾಗಿ ಕರಾಚಿಗೆ ಹೋದ ಮೇಲೆ ಅಕ್ಕತಂಗಿಯರು ಮತ್ತೆ ಮುಖ ನೋಡಿರಲಿಲ್ಲ.

ಅರ್ಜಿಗೆ ನಿಮ್ಮ ಕಥೆ ಬೇಕು ಎಂದು ಕೇಳಿದೆ. ಎರಡು ಮಧ್ಯಾಹ್ನ ದಾದಿ ಅಳುತ್ತ ಹೇಳಿದರು. ನಾನು ನಾಚಿಕೆಯಿಲ್ಲದೆ ಬರೆದುಕೊಂಡೆ. ಏಳುವಾಗ ಅವರು ತಮ್ಮ ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್ ಜೆರಾಕ್ಸ್ ತಂದು ನನ್ನ ಕೈಗಿಟ್ಟರು. ಅರ್ಜಿ ಎಂದರೆ ಇವು ಬೇಕೇ ಬೇಕು ಎಂದುಕೊಂಡಿದ್ದಾರೆ, ಪಾಪ, ಎಂದು ಒಳಗೊಳಗೇ ನಕ್ಕು ಬ್ಯಾಗಿಗೆ ಹಾಕಿಕೊಂಡೆ.

ಸೀಟು ಸಿಕ್ಕಿತು. ಸಿಹಿ ಕೊಡಲು ಹೋದೆ. ದಾದಿ ನನ್ನ ತಲೆ ಸವರಿದರು. ಲಾಡುವನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು: “ನಿಂದು ಆಯ್ತಲ್ಲ ಮಗಳೇ, ಖುಷಿ. ನನ್ ವೀಸಾ ಯಾವಾಗ ಬರುತ್ತೆ?”

ಅವರ ಫೋಟೊಗಳು ಆಗಲೂ ನನ್ನ ಬ್ಯಾಗಿನಲ್ಲೇ ಇದ್ದವು.